ಹರಡಿಹೋದ ಕುಕ್ಕಿಗಳು

"ನನ್ನ ಮೂಗಿಂದಾಗಿ ಒಂದು ಹೆಣ್ಣುಮಗಳು ಲಾಕಪ್ಪಿಗೆ ಹೋದ್ಲು ಮೇಡಂ," ಎಂದು ಹೇಳಿ ಟೈಲರಮ್ಮ ಗಳಗಳನೆ ಅತ್ತುಬಿಟ್ಟರು.

ಅತ್ತಿಗೆ ಪತ್ರಿಕೆ ಮಡಿಸಿಟ್ಟು ಅವರನ್ನು ಕೂರಿಸಿದರು. ನಮ್ಮ ಅತ್ತಿಗೆ ಪೊಲೀಸ್ ಪ್ರಯೋಗಾಲಯದಲ್ಲಿ ಬಹಳ ವರ್ಷ ದುಡಿದು ಹೊರಬಂದವರು. ಈಗ ಮನೆಯ ಮುಂದಿನ ಕೋಣೆಯೇ ಅವರ ಪತ್ತೇದಾರಿ ಕಚೇರಿ. ಕಾರು ಓಡಿಸುವುದು, ಫೋನ್ ಎತ್ತುವುದು, ಅವರು ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದು ಅವರ ಮೈದುನನಾದ ನನ್ನ ಕೆಲಸ. ಮೂರನೆಯದು ನನಗಿನ್ನೂ ಸರಿಯಾಗಿ ಒಲಿದಿಲ್ಲ.

ಅಳು ಇಳಿದ ಮೇಲೆ ವಿಷಯ ಗೊತ್ತಾಯಿತು. ಟೈಲರಮ್ಮನ ಕೆಳಗಿನ ಮನೆಯಲ್ಲಿ ಚಾಕಲೇಟ್ ಚಿಪ್ ಕುಕ್ಕಿ ಮಾಡಿ ಮಾರುವ ಹಿರಿಯರೊಬ್ಬರಿದ್ದರು. ಬೀದಿಗೆಲ್ಲ ಅವರು ಕುಕ್ಕಿ ಚಿಕ್ಕಮ್ಮ. ಮಗ ತೀರಿಕೊಂಡ ಮೇಲೂ ಸೊಸೆಯನ್ನು ಮಗಳಂತೆ ಜೊತೆಯಲ್ಲಿಟ್ಟುಕೊಂಡಿದ್ದರು. ಸೊಸೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹಿಂದಿನ ಸಂಜೆ ಚಿಕ್ಕಮ್ಮ ಅಡುಗೆಮನೆಯ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ತಲೆಯೊಳಗೆ ಪೆಟ್ಟು, ಹೊರಗೆ ಒಂದು ಹನಿ ರಕ್ತವಿಲ್ಲ. ಕಾಲು ಜಾರಿತೆನ್ನೋಣವೆಂದರೆ ಎರಡೂ ತೋಳುಗಳ ಮೇಲೆ ಬೆರಳಿನ ಗುರುತುಗಳಿದ್ದವು. ಯಾರೋ ಹಿಡಿದು ತಳ್ಳಿದ್ದರು.

"ಪೆಟ್ಟು ಬಿದ್ದಿದ್ದು ಯಾವಾಗ ಅಂತ ಡಾಕ್ಟರಿಗೇ ಹೇಳಕ್ಕಾಗ್ತಿಲ್ಲ," ಎಂದರು ಟೈಲರಮ್ಮ. "ಇನ್‌ಸ್ಪೆಕ್ಟರು ಕೇಳಿದ್ರು ಅಂತ ಇದ್ದಿದ್ದನ್ನ ಹೇಳ್ದೆ. ಸಂಜೆ ಬೆಣ್ಣೆ, ಚಾಕಲೇಟು ಬೇಯೋ ವಾಸನೆ ಘಮ್ಮಂತ ಮೇಲೆ ಬಂತು. ಆಮೇಲೆ ಸೊಸೆ ಗೇಟು ತೆಗೆದು ಒಳಗೆ ಹೋದ್ಲು. ಸ್ವಲ್ಪ ಹೊತ್ತಿಗೆ ಅವಳ ಕಿರುಚಾಟ. ನಡುವೆ ಇನ್ಯಾರೂ ಬಂದಿಲ್ಲ, ಹೋಗಿಲ್ಲ. ನನ್ನ ಮಷಿನ್ನು ಕಿಟಕಿ ಹತ್ರಾನೇ ಇರೋದು."

"ವಾಸನೆ ಬಂದಾಗ ಚಿಕ್ಕಮ್ಮ ಚೆನ್ನಾಗೇ ಇದ್ರು, ಆಮೇಲೆ ಮನೇಲಿದ್ದವಳು ಸೊಸೆ ಒಬ್ಬಳೇ. ಪೊಲೀಸರ ಲೆಕ್ಕ ಇದು, ಅಲ್ವಾ? ಮಧ್ಯಾಹ್ನ ನೀವು ಕಿಟಕಿ ಹತ್ರ ಇದ್ರಾ?"

"ಇಲ್ಲ, ಊಟ ಮಾಡಿ ಮಲಗಿದ್ದೆ. ಮೇಡಂ, ಅವಳು ಅಂಥವಳಲ್ಲ. ಅತ್ತೇನ 'ಅಮ್ಮ' ಅಂತ ಬಾಯ್ತುಂಬ ಕರೆಯೋಳು. ನಾನು ಸತ್ಯ ಹೇಳಿ ಅವಳ ಕತ್ತು ಕೊಯ್ದ ಹಾಗಾಯ್ತು."

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಚಿಕ್ಕಮ್ಮನ ಅಡುಗೆಮನೆ ಪುಟ್ಟದು, ಅಚ್ಚುಕಟ್ಟು. ಅಡುಗೆ ಕಟ್ಟೆಯ ಮೇಲೆ ಹಿಟ್ಟು, ಸಕ್ಕರೆಯ ಡಬ್ಬಿಗಳು. ಕಟ್ಟೆಯ ಕೆಳಗೆ ಓವನ್. ಇನ್‌ಸ್ಪೆಕ್ಟರಿಗೆ ಅತ್ತಿಗೆಯ ಹಳೆಯ ಪರಿಚಯ. ಅವರು ಜಪ್ತಿ ಮಾಡಿದ ಟ್ರೇಯನ್ನು ಕವರಿನಿಂದ ತೆಗೆದು ತೋರಿಸಿದರು. ಅದನ್ನು ಕುಕ್ಕಿ ಎನ್ನುವ ಹಾಗಿರಲಿಲ್ಲ. ಉಂಡೆಗಳೆಲ್ಲ ಹರಡಿ, ಒಂದಕ್ಕೊಂದು ಕೂಡಿಕೊಂಡು, ಟ್ರೇಯ ತುಂಬ ಒಂದೇ ತೆಳ್ಳನೆಯ ಹಾಳೆಯಾಗಿತ್ತು. ಅಂಚು ಕರಕಲಾಗಿತ್ತು. ಚಾಕಲೇಟು ಕರಗಿ ಕಲೆಗಳಾಗಿ ಉಳಿದಿತ್ತು.

"ಇದನ್ನ ದುಡ್ಡು ಕೊಟ್ಟು ಯಾರು ತಗೋತಾರೆ?" ಎಂದೆ.

"ಯಾರೂ ತಗೊಳಲ್ಲ. ಅದೇ ನನ್ನ ಪ್ರಶ್ನೆ," ಎಂದರು ಅತ್ತಿಗೆ.

ಫ್ರಿಜ್ಜಿನಲ್ಲಿ ಮುಚ್ಚಿಟ್ಟ ಪಾತ್ರೆಯೊಂದರಲ್ಲಿ ಮಿಕ್ಕ ಹಿಟ್ಟಿತ್ತು, ಕಲ್ಲಿನಂತೆ ತಣ್ಣಗೆ. ಅತ್ತಿಗೆ ಚಮಚದಿಂದ ಕೆದಕಿದರು. ಒಳಗಿದ್ದದ್ದು ಅಂಗಡಿಯ ದುಂಡು ಚಿಪ್‌ಗಳಲ್ಲ, ಗಟ್ಟಿ ಚಾಕಲೇಟನ್ನು ಕತ್ತರಿಸಿದ ಸೊಟ್ಟಪಟ್ಟ ಚೂರುಗಳು. ನಂತರ ಅವರು ಓವನ್ನಿನ ಮುಂದೆ ಮಂಡಿಯೂರಿದರು. ಟೈಮರ್ ಗುಂಡಿಯ ಮೇಲೆ ಟೇಪು ಅಂಟಿಸಿತ್ತು. ಟೇಪಿನ ಹಳೆಯ ಹಳದಿ ಗುರುತು ಒಂದು ಕಡೆ, ಟೇಪು ಅದರಿಂದ ಒಂದು ಕೂದಲೆಳೆ ಆಚೆ.

ಅತ್ತಿಗೆ ಇಕ್ಕಳದಿಂದ ಟೇಪನ್ನು ಬಿಡಿಸಿ ಇನ್‌ಸ್ಪೆಕ್ಟರ ಕೈಗಿತ್ತರು. ಆಮೇಲೆ ಅರ್ಧ ಹಿಟ್ಟಿನಿಂದ ಉಂಡೆ ಕಟ್ಟಿ, ಇನ್ನೊಂದು ಟ್ರೇಯಲ್ಲಿ ಜೋಡಿಸಿ, ತಣ್ಣಗಿದ್ದ ಓವನ್ನಿನೊಳಗಿಟ್ಟು ಬಾಗಿಲು ಹಾಕಿದರು. ಮಿಕ್ಕದ್ದು ಮರಳಿ ಫ್ರಿಜ್ಜಿಗೆ ಹೋಯಿತು.

"ಓವನ್ ಆನ್ ಮಾಡಲ್ವಾ?" ಎಂದೆ.

"ಸಂಜೇವರೆಗೂ ಯಾರೂ ಮುಟ್ಟಬೇಡಿ," ಎಂದಷ್ಟೇ ಹೇಳಿದರು.

ಠಾಣೆಯಲ್ಲಿ ಸೊಸೆ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ಅತ್ತಿಗೆ ಜಗಳದ ವಿಷಯ ಎತ್ತಲಿಲ್ಲ. "ಅಮ್ಮ ಕುಕ್ಕಿ ಹೇಗೆ ಮಾಡ್ತಾರೆ ಹೇಳಮ್ಮ," ಎಂದರು.

ಅವಳು ಮುಖವೆತ್ತಿದಳು. "ಅಂಚು ಗರಿ, ನಡು ಮೆತ್ತಗೆ, ಬೆರಳು ದಪ್ಪ. ಎಲ್ಲರೂ ಕೇಳೋದು ಅದನ್ನೇ. ಅದಕ್ಕೆ ಕಂದು ಸಕ್ಕರೆ ಹಾಕಿ ಹಿಟ್ಟು ಕಲಸಿ ಫ್ರಿಜ್ಜಲ್ಲಿಡ್ತಾರೆ. ಓವನ್ ಚೆನ್ನಾಗಿ ಕಾದ ಮೇಲೆ ತಣ್ಣನೆ ಉಂಡೆ ನೇರವಾಗಿ ಒಳಗೆ. ತೆಳ್ಳಗೆ ಗರಿಗರಿಯಾಗಿ ಬೇಕು ಅನ್ನೋರಿಗೆ ಬಿಳಿ ಸಕ್ಕರೆ ಜಾಸ್ತಿ ಹಾಕಿ ಬೇರೆ ಹಿಟ್ಟು. ನಿನ್ನೆ ಅದನ್ನ ಯಾರೂ ಕೇಳಿರಲಿಲ್ಲ."

"ಟೈಮರ್?"

"ಒಂದ್ಸಲ ಓವನ್ ತಾನಾಗೇ ಹತ್ಕೊಂಡಿತ್ತು ಅಂತ ಹೆದರಿ, ಅಮ್ಮಾನೇ ಅದರ ಮೇಲೆ ಟೇಪು ಹಚ್ಚಿದ್ರು. ನನಗಂತೂ ಅದು ಬಳಸೋಕೇ ಬರಲ್ಲ."

ಹಿಂದಿನ ದಿನ ಬೆಳಿಗ್ಗೆ ಚಿಕ್ಕಮ್ಮ ಲ್ಯಾಬಿಗೆ ಫೋನ್ ಮಾಡಿ, ಚಾಕಲೇಟ್ ಚಿಪ್ ಮುಗಿದಿದೆ, ಸಂಜೆ ಬರುವಾಗ ತಾ ಎಂದಿದ್ದರಂತೆ. ಪ್ಯಾಕೆಟ್ಟು ಅವಳ ಚೀಲದಲ್ಲಿ ಹಾಗೇ ಇತ್ತು. "ಬಂದೆ ಅಮ್ಮಾ ಅಂತ ಬಾಗಿಲಲ್ಲೇ ಕೂಗಿದೆ. ಓವನ್ ಸದ್ದಿಗೆ ಕೇಳಿಸಿಲ್ವೇನೋ ಅಂದ್ಕೊಂಡೆ. ತಲೆ ಸಿಡೀತಿತ್ತು, ರೂಮಿಗೆ ಹೋಗಿ ಬಿದ್ಕೊಂಡೆ. ಸೀದ ವಾಸನೆ ಬಂದ ಮೇಲೇ ಎದ್ದಿದ್ದು. ನಾನು ಹಾಸಿಗೇಲಿದ್ದೆ. ಗೋಡೆ ಆಚೆ ಅಮ್ಮ ನೆಲದ ಮೇಲಿದ್ರು."

ಚಿಕ್ಕಮ್ಮನ ಮೇಲೆ ಸಿಟ್ಟಿದ್ದದ್ದು ಒಬ್ಬನಿಗೆ ಮಾತ್ರ. ಮನೆಯನ್ನು ಸೊಸೆಯ ಹೆಸರಿಗೆ ಮಾಡುತ್ತೇನೆ ಎಂದಾಗಿನಿಂದ ಅವರ ಸ್ವಂತ ತಮ್ಮ ಮಾತು ಬಿಟ್ಟಿದ್ದ. ಪಕ್ಕದ ಬೀದಿಯಲ್ಲಿ ಮಿಕ್ಸಿ, ಓವನ್ ಮಾರಿ ರಿಪೇರಿ ಮಾಡುವ ಅವನನ್ನು ಎಲ್ಲರೂ ಮಿಕ್ಸಿ ಮಾಮ ಎನ್ನುತ್ತಿದ್ದರು.

ಅಂಗಡಿಯಲ್ಲಿ ಮಿಕ್ಸಿ ಮಾಮನ ಕಣ್ಣುಗಳು ಕೆಂಪಾಗಿದ್ದವು. "ಅಕ್ಕನ ಮುಖ ನೋಡಿ ವಾರದ ಮೇಲಾಯ್ತು. ಫೋನೂ ಇಲ್ಲ. ನಿನ್ನೆ ಮಧ್ಯಾಹ್ನ ಇಲ್ಲೇ ಒಬ್ಬನೇ ಇದ್ದೆ. ಸಂಜೆ ಕೇರಂ ಕ್ಲಬ್ಬಲ್ಲಿದ್ದಾಗ ಸುದ್ದಿ ಬಂತು. ಅಲ್ಲಿಂದ ನೇರ ಆಸ್ಪತ್ರೆಗೆ ಓಡ್ದೆ. ಆ ಮನೆ ಹೊಸಿಲು ತುಳಿಯೋಕೂ ನನಗೆ ಮನಸ್ಸಿಲ್ಲ."

"ಸೊಸೆ ಹೇಗೆ ನೋಡ್ಕೋತಿದ್ಲು?"

"ಏನು ನೋಡ್ಕೋತಾಳೆ, ಮಣ್ಣು! ಈ ವಯಸ್ಸಲ್ಲಿ ಅಕ್ಕ ಚಾಕು ಹಿಡ್ಕೊಂಡು ನಿಂತು ಚಾಕಲೇಟು ಕತ್ತರಿಸ್ಬೇಕಾ? ಒಂದು ಪ್ಯಾಕೆಟ್ ಚಿಪ್ ತಂದುಕೊಡೋ ಯೋಗ್ಯತೆ ಇಲ್ಲ ಅವಳಿಗೆ." ಅವನು ಕಣ್ಣೊರೆಸಿಕೊಂಡ. "ಅಕ್ಕ ಕಣ್ಣು ಬಿಡಬಹುದು ಅಂತಿದಾರೆ ಡಾಕ್ಟರು. ಇವತ್ತಿಂದ ಪಕ್ಕದಲ್ಲಿ ನಾನೇ ಕೂತ್ಕೋತೀನಿ."

ಅತ್ತಿಗೆ ತಲೆಯಾಡಿಸಿ ಹೊರಬಂದರು. ಕಾರಿನ ಬಾಗಿಲು ಹಾಕಿದ್ದೇ ತಡ, ಅವರ ದನಿ ಬದಲಾಯಿತು. "ಇನ್‌ಸ್ಪೆಕ್ಟರಿಗೆ ಫೋನ್ ಹಚ್ಚು. ಚಿಕ್ಕಮ್ಮನ ಮಂಚದ ಪಕ್ಕ ಪೊಲೀಸರನ್ನ ಬಿಟ್ಟು ಒಂದು ನರಪಿಳ್ಳೆಯೂ ಕೂರಬಾರದು. ಬೇಗ!"

ಅವಸರಕ್ಕೆ ಎರಡು ಸಲ ತಪ್ಪು ನಂಬರು ಒತ್ತಿದೆ.

ಸಂಜೆ ಎಲ್ಲರೂ ಆ ಪುಟ್ಟ ಅಡುಗೆಮನೆಯಲ್ಲಿ ಸೇರಿದೆವು. ಟೈಲರಮ್ಮ ಬಾಗಿಲಿಗೊರಗಿ ನಿಂತಿದ್ದರು. ಕಾನ್‌ಸ್ಟೇಬಲ್ ಜೊತೆ ಸೊಸೆ. ಎದುರಿಗೆ ಮಿಕ್ಸಿ ಮಾಮ. "ಆಸ್ಪತ್ರೇಲಿ ನನ್ನ ಒಳಗೇ ಬಿಡ್ಲಿಲ್ಲ, ಈಗ ಇಲ್ಲೇನು ತಮಾಷೆ?" ಎಂದು ಅವನು ಗೊಣಗಿದ. ಅತ್ತಿಗೆ ಓವನ್ ಹೊತ್ತಿಸಿದರು. ಮಧ್ಯಾಹ್ನವೆಲ್ಲ ಒಳಗೇ ಕೂತಿದ್ದ ಉಂಡೆಗಳು ಗಾಜಿನ ಹಿಂದೆ ನಿಧಾನಕ್ಕೆ ಕುಸಿದವು, ಹರಡಿದವು, ಒಂದಕ್ಕೊಂದು ಅಂಟಿಕೊಂಡವು. ಆ ಟ್ರೇ ಹೊರತೆಗೆದು, ಕಾದ ಓವನ್ನಿಗೆ ಅತ್ತಿಗೆ ಫ್ರಿಜ್ಜಿನ ಹಿಟ್ಟಿನಿಂದ ಉಂಡೆ ಕಟ್ಟಿ ಹಾಕಿದರು. ಮನೆಯ ತುಂಬ ಬೆಣ್ಣೆಯ ವಾಸನೆ. ಟೈಲರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಎರಡನೆಯ ಟ್ರೇಯಲ್ಲಿದ್ದವು ದುಂಡಗೆ, ದಪ್ಪಗೆ, ಬಿಡಿಬಿಡಿಯಾಗಿದ್ದವು.

"ಎರಡೂ ಒಂದೇ ಪಾತ್ರೆಯ ಹಿಟ್ಟು," ಎಂದರು ಅತ್ತಿಗೆ. "ಬೆಣ್ಣೆ ತಣ್ಣಗಿದ್ರೆ ಅದು ಕರಗೋದ್ರೊಳಗೆ ಅಂಚು ಗಟ್ಟಿಯಾಗುತ್ತೆ, ಕುಕ್ಕಿ ದಪ್ಪ ನಿಲ್ಲುತ್ತೆ. ಬೆಣ್ಣೆ ಮೊದಲೇ ಮೆತ್ತಗಾಗಿ, ಓವನ್ನೂ ಕಾದಿರದಿದ್ರೆ ಹರಡುತ್ತೆ. ಚಿಕ್ಕಮ್ಮ ಎದ್ದು ಓಡಾಡ್ತಿದ್ರೆ ನಿನ್ನೆ ಬರಬೇಕಾಗಿದ್ದು ಈ ದಪ್ಪ ಕುಕ್ಕಿ. ಬಂದಿದ್ದು ಆ ಹಾಳೆ. ಅಂದ್ರೆ ಉಂಡೆಗಳು ಮಧ್ಯಾಹ್ನದಿಂದ ಓವನ್ನೊಳಗೇ ಕೂತಿದ್ವು. ಸಂಜೆ ಅದನ್ನ ಹೊತ್ತಿಸಿದ್ದು ಚಿಕ್ಕಮ್ಮ ಅಲ್ಲ, ಟೈಮರ್. ವಾಸನೆ ಬರೋ ಹೊತ್ತಿಗೆ ಅವರು ನೆಲದ ಮೇಲಿದ್ರು. ಮಧ್ಯಾಹ್ನ ಸೊಸೆ ಲ್ಯಾಬಿನಲ್ಲಿದ್ದಳು, ಅಲ್ಲಿನವರೆಲ್ಲ ನೋಡಿದ್ದಾರೆ."

"ಅಕ್ಕಾನೇ ಟೈಮರ್ ಇಟ್ಟಿರಬಹುದು," ಎಂದ ಮಿಕ್ಸಿ ಮಾಮ.

"ಹೆದರಿ ಟೇಪು ಹಚ್ಚಿದವರು ಯಾಕೆ ಇಡ್ತಾರೆ? ಇಟ್ಟವರು ಆಮೇಲೆ ಅದೇ ಟೇಪನ್ನ ಮತ್ತೆ ಹಚ್ಚಿದ್ದಾರೆ, ಸ್ವಲ್ಪ ಸೊಟ್ಟಗೆ. ಸಂಜೆ ತಾವು ಹತ್ತು ಜನರ ನಡುವೆ ಇರಬೇಕು, ಇಲ್ಲಿ ಕುಕ್ಕಿ ವಾಸನೆ ಬರಬೇಕು, ಆಗ ಮನೆಗೆ ಬರೋ ಸೊಸೆ ಸಿಕ್ಕಿಹಾಕ್ಕೋಬೇಕು. ಓವನ್ ಬಲ್ಲವರ ಕೆಲಸ ಇದು."

"ಬಲ್ಲವರೆಲ್ಲ ಕಳ್ಳರಾ?"

"ಇಲ್ಲ. ಆದ್ರೆ ನೀವು ಇನ್ನೊಂದು ವಿಷಯಾನೂ ಬಲ್ಲಿರಿ. ಅಕ್ಕ ಚಾಕು ಹಿಡಿದು ಚಾಕಲೇಟು ಕತ್ತರಿಸಿದ್ರು ಅಂದ್ರಿ. ಚಿಪ್ ಮುಗಿದಿದ್ದು ನಿನ್ನೆ ಬೆಳಿಗ್ಗೆ. ಕತ್ತರಿಸಿದ್ದು ಸೊಸೆಗೂ ಗೊತ್ತಿಲ್ಲ. ಅವಳು ಪ್ಯಾಕೆಟ್ ತಂದಿದ್ದಳು. ಬೆಂದ ಟ್ರೇಯಲ್ಲಿ ಚಾಕಲೇಟು ಕರಗಿಹೋಗಿದೆ, ಅದನ್ನ ನೋಡಿದ್ರೂ ಗೊತ್ತಾಗಲ್ಲ. ವಾರದಿಂದ ಅಕ್ಕನ ಮುಖ ನೋಡದ, ಫೋನೂ ಮಾಡದ, ಈ ಮನೆಗೆ ಕಾಲೇ ಇಡದ ನಿಮಗೆ ಯಾರು ಹೇಳಿದ್ರು?"

ಅವನ ಕಣ್ಣು ಬಾಗಿಲ ಕಡೆ ಹೊರಳಿತು.

"ಟೇಪಿನ ಅಂಟಿನಲ್ಲಿ ಬೆರಳಚ್ಚು ಸಿಕ್ಕಿದೆ," ಎಂದರು ಇನ್‌ಸ್ಪೆಕ್ಟರು. "ಕೈ ಕೊಡಿ."

ಮಿಕ್ಸಿ ಮಾಮ ತನ್ನ ಹೆಬ್ಬೆರಳನ್ನು ಬೇರೆಯವರದೆಂಬಂತೆ ನೋಡಿಕೊಂಡ. ಆಮೇಲೆ ಕುಸಿದು ಕೂತ. "ನಮ್ಮಪ್ಪ ಕಟ್ಟಿಸಿದ ಮನೆ. ನಾನು ಹುಟ್ಟಿದ್ದು ಇಲ್ಲೇ. ಹೊರಗಿನವಳಿಗೆ ಬರೀತೀನಿ ಅಂತ ಹಟ ಹಿಡಿದ್ಲು. ಕೇಳೋಣ ಅಂತ ಬಂದೆ. ಮಾತಿಗೆ ಮಾತು ಬೆಳೀತು. ತಳ್ಳಿದೆ ಅಷ್ಟೇ, ತಲೆ ಕಟ್ಟೆಗೆ ಬಡೀತು. ಸತ್ತೇಹೋದ್ಲು ಅಂದ್ಕೊಂಡೆ."

ಸೊಸೆ ಅವನೆದುರು ಬಂದು ನಿಂತಳು. "ಮೂಗಿನ ಹತ್ರ ಕೈ ಇಟ್ಟು ನೋಡಿದ್ರಾ ಮಾಮ?"

ಅವನು ತಲೆ ಎತ್ತಲಿಲ್ಲ.

"ನೋಡಿದ್ರಾ?"

"ನೋಡ್ದೆ," ಎಂದ. ದನಿ ಕೇಳಿಸುವಷ್ಟೂ ಇರಲಿಲ್ಲ. "ಬಿಸಿ ಉಸಿರು ತಾಗ್ತಿತ್ತು."

ಕಾನ್‌ಸ್ಟೇಬಲ್ ಅವನ ತೋಳು ಹಿಡಿದು ಎಬ್ಬಿಸಿದಾಗ, ಟೈಲರಮ್ಮ ದಾರಿ ಬಿಡಲು ಗೋಡೆಗೆ ಅಂಟಿಕೊಂಡರು, ಅವನ ಮೈ ತಮಗೆ ತಾಗಬಾರದೆಂಬಂತೆ.

ಚಿಕ್ಕಮ್ಮ ಬದುಕಿದರು. ನಾವು ಆಸ್ಪತ್ರೆಗೆ ಹೋದ ದಿನ ದಿಂಬಿಗೊರಗಿ ಕೂತಿದ್ದರು. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಆ ಮಧ್ಯಾಹ್ನದ್ದೇನೂ ಅವರಿಗೆ ನೆನಪಿರಲಿಲ್ಲ. ಮನಸ್ಸಿಗೆ ಆಘಾತವಾಗುವಂಥದ್ದೇನನ್ನೂ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಸೊಸೆ ಒದ್ದೆ ಬಟ್ಟೆಯಿಂದ ಅವರ ಕತ್ತು ಒರೆಸುತ್ತಿದ್ದಳು.

"ತಮ್ಮ ಯಾಕೆ ನೋಡಕ್ಕೆ ಬಂದಿಲ್ಲ?" ಎಂದರು ಚಿಕ್ಕಮ್ಮ. "ಇನ್ನೂ ಕೋಪಾನಾ ಅವನಿಗೆ?"

ಸೊಸೆ ಅತ್ತಿಗೆಯ ಮುಖ ನೋಡಿದಳು. ಎಂಥ ಪ್ರಶ್ನೆಗೂ ಉತ್ತರ ಹುಡುಕುವ ನಮ್ಮ ಅತ್ತಿಗೆ ಕಿಟಕಿಯ ಕಡೆ ತಿರುಗಿ ನಿಂತರು.

"ನಾನಿದ್ದೀನಲ್ಲಮ್ಮ," ಎಂದಳು ಸೊಸೆ ಕೊನೆಗೆ.

"ನನಗೆ ನೀನಿದ್ದೀಯ ಕಣೇ," ಎಂದು ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡರು. "ಅವನಿಗೆ ನನ್ನ ಬಿಟ್ರೆ ಯಾರಿದಾರೆ?"