ಹೊಟ್ಟೆ ಕಳಚಿದ ಅಕ್ಷರ

ಮೊದಲ ದಿನವೇ ಯಮುನ, ಕರಿಬಸಪ್ಪನ ಕೆಲಸದಲ್ಲಿ ಕೊಂಕು ತೆಗೆದಳು. ಸಿದ್ದಾಪುರದ ಹತ್ತಿರ ಬಿಳಿ ದೊರೆಯೊಬ್ಬನ ಎಸ್ಟೇಟಿನಲ್ಲಿ ಅವಳೂ ಅವಳ ಅವ್ವ ವಿಶಾಲಾಕ್ಷಮ್ಮನೂ ಕಾಫಿ ಚೀಲದ ಬಾಯಿ ಹೊಲಿಯುವವರು. ಕರಿಬಸಪ್ಪ ತಗಡಿನಲ್ಲಿ ಇಂಗ್ಲಿಷ್ ಅಕ್ಷರ ಕೊರೆದು, ಅದನ್ನು ಚೀಲದ ಮೇಲಿಟ್ಟು, ಕರಿ ಬಣ್ಣ ಬಳಿದು ಎಸ್ಟೇಟಿನ ಹೆಸರು ಮೂಡಿಸುವವನು.

"ಏನ್ರೀ, ಅಕ್ಷರ ಎಲ್ಲ ನಡು ಮುರ್ಕೊಂಡು ನಿಂತವಲ್ಲ?"

ಅವನಿಗೆ ಕೋಪ ಬರಲಿಲ್ಲ. ತಗಡನ್ನು ಬೆಳಕಿಗೆ ಹಿಡಿದು ತೋರಿಸಿದ. ದುಂಡಗಿನ 'ಓ'ವನ್ನು ಪೂರ್ತಿ ಸುತ್ತ ಕೊರೆದರೆ ಅದರ ಹೊಟ್ಟೆ ಕಳಚಿ ಬೀಳುತ್ತದೆ, ಅದಕ್ಕೇ ಮೇಲೊಂದು ಕೆಳಗೊಂದು ಸಣ್ಣ ಪಟ್ಟಿ ಉಳಿಸಬೇಕು, ಆ ಪಟ್ಟಿಯೇ ಚೀಲದ ಮೇಲೆ ಬಿರುಕಿನ ಹಾಗೆ ಕಾಣುವುದು ಅಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ತಗಡಿನ ಕಿಂಡಿಯಿಂದ ಅವಳನ್ನೇ ನೋಡುತ್ತಿತ್ತು. ಅವಳು ಚೀಲಕ್ಕೆ ಹಾಕಬೇಕಾದ ಹೊಲಿಗೆಯನ್ನು ಸೆರಗಿಗೆ ಹಾಕಿಕೊಂಡಳು.

ಆಮೇಲೆ ಅವಳಿಗೆ ಆ ಅಕ್ಷರಗಳ ಹುಚ್ಚೇ ಹಿಡಿಯಿತು. ಓದು ಬಾರದು, ಆದರೆ ಒಂದೊಂದರ ಮುಖವೂ ಗೊತ್ತು. ಎಂಥ ದಪ್ಪ, ಎಂಥ ಠೀವಿ. ನೀರಿನ ಪೀಪಾಯಿ, ಕೂಲಿಯವರ ಲೈನ್‌ಮನೆ ಬಾಗಿಲು, ದೊರೆಯ ಬಂದೂಕಿನ ಪೆಟ್ಟಿಗೆ, ಎಲ್ಲಿ ಕಂಡರೂ ಎದೆ ಸೆಟೆಸಿ ನಿಂತಿರುತ್ತಿದ್ದವು. ಗಾಡಿ ಇಳಿಜಾರು ಇಳಿದು, ಗಾಡಿಯವನ ಮುಖ ಮಸುಕಾದ ಮೇಲೂ ಚೀಲದ ಮೇಲಿನ ಅಕ್ಷರ ಕಾಣುತ್ತಿತ್ತು. 'ಟಿ' ಎಂದರೆ ಕೊಡೆ ಹಿಡಿದ, ಲೆಕ್ಕ ಬರೆಯುವ ರೈಟರು, 'ಆರ್' ಕಾಲು ಮುಂದಿಟ್ಟ ಪೈಲ್ವಾನ ಎಂದು ಅವಳು ಹೇಳಿದರೆ ಅವನು ತಲೆ ತಗ್ಗಿಸಿ ನಗುತ್ತಿದ್ದ. ಅಷ್ಟೇ. ಮನಸ್ಸಿನ ಮಾತು ಮಾತ್ರ ಬಾಯಿಗೆ ಬರಲೊಲ್ಲದು.

ಕೊಯ್ಲು ಮುಗಿಯುತ್ತಾ ಬಂತು. ಶನಿವಾರಸಂತೆಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುತ್ತಾರೆಂದು ಸುದ್ದಿ ಬಂತು. ಬೇರೆ ಯಾರೂ ಕೇಳದಿರುವಾಗ ಅವ್ವ ಅವರಿಗೇ ಒಪ್ಪಿಬಿಡುತ್ತಾಳೆ ಎಂದು ಯಮುನಳಿಗೆ ಗೊತ್ತಿತ್ತು.

"ನಾಳೆ ನನ್ನ ನೋಡಕ್ಕೆ ಬತ್ತಾರಂತೆ."

"ಒಳ್ಳೇದಾಯ್ತು," ಅಂದ ಅವನು, ಉಳಿಯಿಂದ ಕಣ್ಣೆತ್ತದೆ.

ಅವಳು ಸರಕ್ಕನೆ ತಿರುಗಿದಳು. ಹಿಂದೆ ಠಣ್ ಎಂದಿತು. ಒಂದು ದುಂಡು ತಗಡು ಉರುಳಿಕೊಂಡು ಬಂದು ಅವಳ ಕಾಲಿಗೆ ತಾಗಿತು. 'ಓ' ಅಕ್ಷರದ ಹೊಟ್ಟೆ. ಪಟ್ಟಿ ಉಳಿಸುವುದನ್ನೇ ಮರೆತು ಅವನು ಸುತ್ತಲೂ ಕೊರೆದುಬಿಟ್ಟಿದ್ದ.

"ಕೈ ತಪ್ತಾ?"

"ಕೈಯಲ್ಲ." ಅವನು ಉಳಿಯಿಂದ ಕಣ್ಣೆತ್ತಿದ. "ನೀವು ಹೋದ್ರೆ ನನ್ನ ಕೈಲಿ ಏನೂ ಆಗಲ್ಲ ಯಮುನ. ಅವ್ರನ್ನ ಬೇಡ ಅನ್ನಿ."

ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ನಾನಂದ್ರೆ ಸಾಲ್ದು. ಅವ್ವ ಅಲ್ಲೇ ಕೂತವ್ಳೆ, ಕೇಳಿ."

ಅವನು ಎದ್ದು ನೆಟ್ಟಗೆ ನಡೆದ. ಅವಳು ಓಡಿಹೋಗಿ ಅವನ ಮುಂಗೈ ಹಿಡಿದಳು, ಮೊದಲ ಸಲ.

"ಉಳಿ ಕೊಟ್ಟು ಹೋಗಿ. ಅವ್ವ ಹೆದ್ರಿಕೊಂಡು ಹೂಂ ಅನ್ನೋದು ಬೇಡ."

ಬರಿಗೈಯಲ್ಲಿ ಹೋಗಿ ಅವನು ತೊದಲುತ್ತಾ ಹೆಣ್ಣು ಕೇಳಿದ. ವಿಶಾಲಾಕ್ಷಮ್ಮ ಹೊಲಿಗೆಯ ದಾರ ಹಲ್ಲಿನಿಂದ ಕಡಿದು ಅವನನ್ನು ನೋಡಿದಳು.

"ಇಷ್ಟು ಕೇಳೋಕೆ ಒಂದು ತಗಡು ಹಾಳ್ಮಾಡ್ಬೇಕಿತ್ತಾ ಮಾರಾಯ? ಕೂತ್ಕೋ. ಶನಿವಾರಸಂತೆಯೋರಿಗೆ ಬರ್ಬೇಡಿ ಅಂತ ಈಗ್ಲೇ ಹೇಳಿ ಕಳಿಸ್ತೀನಿ."