ಎರಡು ಪುಟ್ಟ ಗೀಟು

“ರೀ! ಏನ್ರೀ ಮಾಡ್ತಿದೀರಾ? ಪುಸ್ತಕಕ್ಕೆ ಎಂಜಲು ಹಚ್ತಿದೀರಾ?”

ಆ ಕೂಗಿಗೆ ಅವಳ ಹೆಬ್ಬೆರಳು ನಾಲಿಗೆಯ ತುದಿಯಲ್ಲೇ ನಿಂತುಬಿಟ್ಟಿತು.

ಅವಳ ಮುಂದೆ ಎಪ್ಪತ್ತು ವರ್ಷದ ಹಿಂದಿನ ಮನೆ ಕಂದಾಯದ ಪುಸ್ತಕ ತೆರೆದಿತ್ತು. ಎದುರಿಗೆ, ಕಬ್ಬಿಣದ ಏಣಿಯ ಅರ್ಧದಲ್ಲಿ, ಕಂಕುಳಲ್ಲಿ ಕಡತದ ಕಟ್ಟು ಇರುಕಿಕೊಂಡು ಒಬ್ಬ ದುರುಗುಟ್ಟಿ ನೋಡುತ್ತಿದ್ದ. ತಲೆ ತುಂಬ ಧೂಳು. ಮೂಗಿನ ಮೇಲೂ ಧೂಳು. ಕಣ್ಣು ಮಾತ್ರ... ಛೆ, ಬೈಸಿಕೊಳ್ಳುವ ಹೊತ್ತಿನಲ್ಲಿ ಕಣ್ಣಿನ ಮಾತು ಯಾಕೆ!

“ಪುಟ ಅಂಟ್ಕೊಂಡಿತ್ತು ಸಾರ್... ಅದಕ್ಕೆ...”

“ಅಂಟ್ಕೊಂಡ್ರೆ ನನ್ನ ಕರೀಬೇಕು, ನಾಲಿಗೆ ಹಾಕೋದಲ್ಲ!”

ಆತ ದಡದಡ ಇಳಿದು ಬಂದು, ಜೇಬಿನಿಂದ ತೆಳ್ಳನೆಯ ಮರದ ಪಟ್ಟಿಯೊಂದನ್ನು ತೆಗೆದು ಅವಳ ಮುಂದಿಟ್ಟ. “ಪುಟ ಇದ್ರಲ್ಲಿ ಎತ್ತಿ. ಈ ಪುಸ್ತಕದಲ್ಲಿ ಇಡೀ ಊರಿನ ತಾತ ಮುತ್ತಾತಂದಿರಿದ್ದಾರೆ. ಅವರಿಗ್ಯಾರಿಗೂ ನಿಮ್ಮ ಎಂಜಲು ಬೇಕಾಗಿಲ್ಲ.”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಬಾಯಿ ಮುಚ್ಚಿಕೊಂಡು ಪಟ್ಟಿ ಕೈಗೆತ್ತಿಕೊಂಡಳು. ‘ಇರು ಧೂಳು ಸಾಹೇಬ, ನಿನಗೂ ಒಂದು ಕಾಲ ಬರತ್ತೆ!’ ಎಂದು ಮನಸ್ಸಿನಲ್ಲೇ ಬೈದಳು.

ಬೇರೆಯವರ ವಂಶವೃಕ್ಷ ಬರೆದುಕೊಡುವುದೇ ನಮ್ಮ ಹುಡುಗಿಯ ಕೆಲಸ. ಜನ ಅವಳ ಬಳಿ ಬಂದು ‘ನಮ್ಮ ಹಿರಿಯರು ಯಾರು ಹುಡುಕಿಕೊಡಿ’ ಎನ್ನುತ್ತಾರೆ. ಅವಳು ಊರೂರಿನ ಕಂದಾಯದ ಪುಸ್ತಕ, ಜಮೀನಿನ ಪತ್ರ ತಿರುವಿ ಐದಾರು ತಲೆಮಾರು ಬರೆದುಕೊಡುತ್ತಾಳೆ. ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಒಂದು ನಿಯಮವಿದೆ: ‘ಮೂಲ ಪುಸ್ತಕ ನೋಡದೆ ನಕಲು ಪುಸ್ತಕವನ್ನು ನಂಬಬಾರದು.’ ಈ ನಿಯಮ ಸ್ವಲ್ಪ ನೆನಪಿಟ್ಟುಕೊಳ್ಳಿ. ಬರೆದವಳೇ ಮರೆಯುವವಳಿದ್ದಾಳೆ!

ಊರಿಗೆಲ್ಲ ಹಿರಿಯರನ್ನು ಹುಡುಕಿಕೊಟ್ಟವಳಿಗೆ ತನ್ನ ವಂಶವೃಕ್ಷ ಮಾತ್ರ ತಾತನ ಹೆಸರಿಗೇ ನಿಂತುಹೋಗಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ಸೋದರತ್ತೆ. ಈಗ ಅತ್ತೆಯ ಕಣ್ಣು ಮಂಜಾಗುತ್ತಿತ್ತು.

“ನಮ್ಮಪ್ಪ ಹೋದಾಗ ನನಗೆ ಏಳು ವರ್ಷ ಕಣೇ. ಅವನಪ್ಪ ಯಾರು ಅಂತ ಕೇಳೋ ವಯಸ್ಸಾಗಿರ್ಲಿಲ್ಲ,” ಎಂದಿದ್ದಳು ಅತ್ತೆ. “ಕಣ್ಣು ಪೂರ್ತಿ ಹೋಗೋ ಮುಂಚೆ ಆ ಹೆಸರೊಂದು ಓದ್ಬೇಕು ಅಂತ ಆಸೆ.”

ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ತಾತ ಕಟ್ಟಿದ ಕಂದಾಯದ ಒಂದೇ ಒಂದು ರಸೀದಿ. ಊರಿನ ಹೆಸರಿತ್ತು, ಮನೆ ನಂಬರ್ ಹದಿನೆಂಟು ಎಂದಿತ್ತು. ಬೀದಿಯ ಹೆಸರಿದ್ದ ಮೂಲೆ ಹರಿದುಹೋಗಿತ್ತು.

ಹಾಗಾಗಿ ಅವಳು ದಿನಾ ಎರಡು ಬಸ್ಸು ಹತ್ತಿ ಆ ಊರಿನ ಈ ದಾಖಲೆ ಕೋಣೆಗೆ ಬರತೊಡಗಿದಳು. ಮೊದಲು ಎಲ್ಲ ಬೀದಿಗಳ ಹದಿನೆಂಟನೇ ಮನೆ ನೋಡಿದಳು. ತಾತ ಎಲ್ಲೂ ಇಲ್ಲ.

“ಆಗ ಮನೆ ನಂಬರ್ ಬದಲಾಗ್ತಾನೇ ಇತ್ತು,” ಎಂದ ಧೂಳು ಸಾಹೇಬ. “ಇನ್ನು ಸಾಲು ಸಾಲಾಗಿ ಓದೋದೇ ಗತಿ. ಅದೂ ಇದು ನಕಲು. ಮೂಲ ಪುಸ್ತಕ ಕೆಳಗಿನ ಗೋದಾಮಿನ ರಾಶಿಯಲ್ಲಿ ಎಲ್ಲೋ ಬಿದ್ದಿರ್ಬೇಕು. ಹೆದರ್ಬೇಡಿ, ಅರ್ಧ ನಾನು ಓದ್ತೀನಿ.”

“ನಿಮಗೆ ಬೇರೆ ಕೆಲಸ ಇಲ್ವಾ?”

“ಇದೆ. ಎಂಜಲು ಮೇಡಂನ ಕಾಯೋ ಕೆಲಸ!”

ಅಂದು ಇಬ್ಬರೂ ಮೊದಲ ಸಲ ಒಟ್ಟಿಗೆ ನಕ್ಕರು.

ಆಮೇಲಿನ ಐದು ವಾರ ಹೇಗೆ ಕಳೆದವೋ! ಒಂದೇ ಮೇಜು, ಎರಡು ಕುರ್ಚಿ, ನಡುವೆ ಒಂದು ಫ್ಲಾಸ್ಕ್ ಚಹಾ. ಪುಸ್ತಕದ ಹತ್ತಿರ ಚಹಾ ತರಬಾರದೆಂದು ಅವನೇ ನಿಯಮ ಮಾಡಿದ್ದ. ಕುಡಿಯಬೇಕೆಂದರೆ ಇಬ್ಬರೂ ಎದ್ದು ಕಿಟಕಿಯ ಬಳಿ ಹೋಗಬೇಕು. ಮೊದಮೊದಲು ದಿನಕ್ಕೆ ಒಂದು ಸಲ ಹೋಗುತ್ತಿದ್ದವರು ಬರಬರುತ್ತಾ ನಾಲ್ಕು ಸಲ ಹೋಗತೊಡಗಿದರು. ಇಷ್ಟು ಚಹಾ ಯಾಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಕಿಟಕಿಯ ಬಳಿಯೇ ಅವನು ತನ್ನ ಮನೆಯ ಕಥೆ ಹೇಳಿದ್ದು. “ನಮ್ಮ ತಾತ, ಅವರಪ್ಪ, ಎಲ್ಲ ಗಡಿಯಾರ ರಿಪೇರಿಯವರು. ಬಾವಿ ಬೀದಿ, ಹದಿನಾರನೇ ಮನೆ. ತಾತನಿಗೊಬ್ಬ ತಮ್ಮ ಇದ್ದರಂತೆ. ಅಣ್ಣನ ಜೊತೆ ಜಗಳ ಆಡ್ಕೊಂಡು ಊರೇ ಬಿಟ್ಟು ಹೋದರಂತೆ. ಆಮೇಲೆ ಮನೆಯಲ್ಲಿ ಅವರ ಹೆಸರೇ ಯಾರೂ ಎತ್ತಲಿಲ್ಲ.”

“ಹುಡುಕ್ಲಿಲ್ವಾ?”

“ಈಗ ಹುಡುಕೋಣ ಅನ್ಸ್ತಿದೆ. ನಿಮ್ಮ ಗಾಳಿ ತಾಗಿದೆ ನೋಡಿ.”

ಅವಳ ಕೆನ್ನೆ ಬಿಸಿಯಾಯಿತು. ‘ಚಹಾ ಬಿಸಿ ಇದೆ, ಅದಕ್ಕೇ,’ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಒಂದು ಮಧ್ಯಾಹ್ನ ಅವನು ಬಾಗಿಲವರೆಗೆ ಹೋದವನು ತಿರುಗಿ ನಿಂತ. “ಮೇಲಧಿಕಾರಿ ಕರೆದಿದ್ದಾರೆ, ಹೋಗಿ ಬರ್ತೀನಿ. ಸಂಜೆ ಬೇಗ ಹೊರಡಬೇಡಿ... ಒಂದು ಮಾತು ಕೇಳ್ಬೇಕು.”

“ಈಗಲೇ ಕೇಳಿ.”

“ಇಲ್ಲ. ಸಂಜೆ. ತಲೆ ಬಾಚ್ಕೊಂಡು ಬಂದು ಕೇಳ್ತೀನಿ.”

ಅಯ್ಯೋ, ಅವಳ ಎದೆ ಹೊಡೆದುಕೊಂಡ ಪರಿಯೇ! ಏನು ಕೇಳುತ್ತಾನೆಂದು ಗೊತ್ತಿತ್ತು. ಏನು ಹೇಳಬೇಕೆಂದೂ ಗೊತ್ತಿತ್ತು. ಹೊತ್ತು ಹೋಗಲೆಂದು ಮುಂದಿನ ಪುಟವನ್ನು ಪಟ್ಟಿಯಲ್ಲಿ ಎತ್ತಿದಳು. ಬಾವಿ ಬೀದಿ.

ಹದಿನಾರನೇ ಮನೆ: ಅವನ ತಾತನ ಹೆಸರು. ಕಸುಬು, ಗಡಿಯಾರ ರಿಪೇರಿ. ಪಕ್ಕದಲ್ಲಿ ತಂದೆಯ ಹೆಸರು. ಅವಳು ಮುಗುಳ್ನಕ್ಕಳು.

ಹದಿನೇಳನೇ ಮನೆ...

ತಾತ! ಅವಳ ತಾತ! ಪೂರ್ತಿ ಹೆಸರು, ಕಸುಬು ಬಡಗಿ, ಎಲ್ಲ ಸರಿಯಾಗಿತ್ತು. ಖುಷಿಯಿಂದ ಕೂಗಬೇಕೆಂದವಳ ಕಣ್ಣು ಪಕ್ಕದ ಕಾಲಮ್ಮಿಗೆ ಜಾರಿತು. ತಂದೆಯ ಹೆಸರಿರಬೇಕಾದಲ್ಲಿ ಎರಡು ಪುಟ್ಟ ಗೀಟು.

ಮೇಲಿನ ಸಾಲಿನಲ್ಲಿರುವುದೇ ಇಲ್ಲೂ ಎಂದು ಹೇಳಲು ಗುಮಾಸ್ತರು ಹಾಕುವ ಗೀಟು.

ಅಂದರೆ ಅವನ ತಾತನೂ ತನ್ನ ತಾತನೂ ಒಬ್ಬನೇ ಅಪ್ಪನ ಮಕ್ಕಳು... ಜಗಳವಾಡಿ ಊರು ಬಿಟ್ಟುಹೋದ ಆ ತಮ್ಮ ತನ್ನ ತಾತ! ಗಡಿಯಾರದ ಮನೆಯವನು ಸಿಟ್ಟಿಗೆ ಬಡಗಿಯಾದನೇನೋ. ಹಾಗಾದರೆ ತಾವಿಬ್ಬರೂ ಒಂದೇ ರಕ್ತದ ದಾಯಾದಿಗಳು. ವರಸೆಯಲ್ಲಿ ಅವನು ತನಗೆ...

‘ಅಣ್ಣ!’

ಆ ಶಬ್ದ ಮನಸ್ಸಿಗೆ ಬಂದದ್ದೇ ತಡ, ಕಣ್ಣು ತುಂಬಿ ಬಂತು. ಕೆಂಪು ಇಂಕಿನ ನಿಯಮ ಆಗ ಯಾರಿಗೆ ನೆನಪಿರುತ್ತದೆ ಹೇಳಿ? ಬೇರೆಯವರ ಮನೆಯ ಪುಸ್ತಕವಾಗಿದ್ದರೆ ಹತ್ತು ಸಲ ತಾಳೆ ನೋಡುತ್ತಿದ್ದಳು. ತನ್ನ ಎದೆಗೇ ಏಟು ಬಿದ್ದಾಗ ಬುದ್ಧಿ ಓಡಲಿಲ್ಲ.

ಸಂಜೆ ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು ಬಂದವನಿಗೆ ಸಿಕ್ಕಿದ್ದು ಖಾಲಿ ಕುರ್ಚಿ. ಮೇಜಿನ ಮೇಲೆ ಒಂದು ಚೀಟಿ.

‘ನನ್ನ ಕೆಲಸ ಮುಗಿಯಿತು. ಇನ್ನು ಬರುವುದಿಲ್ಲ. ತುಂಬಾ ಉಪಕಾರವಾಯಿತು, ಅಣ್ಣಾ.’

ಪಾಪ! ಒಂದು ಹುಡುಗಿ ಗಂಡಸಿಗೆ ‘ಬೇಡ’ ಎನ್ನಲು ಅದಕ್ಕಿಂತ ದೊಡ್ಡ ಶಬ್ದ ಎಲ್ಲಿದೆ? ಅವನು ಚೀಟಿಯನ್ನು ನಾಲ್ಕು ಸಲ ಓದಿದ. ನಾಲ್ಕು ಸಲವೂ ‘ಅಣ್ಣಾ’ ಹಾಗೇ ಇತ್ತು.

ಅತ್ತ ಮನೆಯಲ್ಲಿ ಅವಳು ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಎಲ್ಲ ಹೇಳಿಕೊಂಡು ಅತ್ತಳು.

“ನಮ್ಮಪ್ಪ ಬದುಕಿದ್ದಾಗ ಒಂದು ಇರುವೆಗೂ ತೊಂದ್ರೆ ಕೊಟ್ಟೋನಲ್ಲ,” ಅತ್ತೆ ಅವಳ ತಲೆ ಸವರಿದಳು. “ಹೋಗಿ ಇಷ್ಟು ವರ್ಷ ಆದ್ಮೇಲೆ ಮೊಮ್ಮಗಳ ಮದುವೆಗೆ ಅಡ್ಡ ನಿಂತ್ನಾ? ಸುಡು ಆ ಪುಸ್ತಕನ! ನನಗೆ ಯಾವ ಹೆಸರೂ ಬೇಡ.”

“ಹೆಸರು ಸಿಕ್ತಲ್ಲ ಅತ್ತೆ...”

“ನೀನು ಅತ್ಕೊಂಡು ತಂದ ಹೆಸರು ನನಗ್ಯಾಕೆ?”

ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೇ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು.

ಅತ್ತೆ ತೆರೆದಳು. “ಯಾರಪ್ಪಾ ನೀನು? ಮೈಯೆಲ್ಲ ಧೂಳು!”

“ದಾಖಲೆ ಕೋಣೆಯವನು ಅಮ್ಮಾ, ಅಲ್ಲಿನ ಹಾಜರಿ ಪುಸ್ತಕದಲ್ಲಿ ವಿಳಾಸ ಸಿಕ್ತು. ನಿಮ್ಮ ಸೊಸೆ ನನ್ನನ್ನ ಅಣ್ಣ ಅಂತ ಕರೆದಿದ್ದಾರೆ. ಅದನ್ನ ವಾಪಸ್ ತಗೊಳ್ಳೋಕೆ ಹೇಳ್ಬೇಕಿತ್ತು.”

ಒಳಗಿದ್ದವಳಿಗೆ ಜೀವ ಬಾಯಿಗೆ ಬಂತು. ಬಾಗಿಲ ಮರೆಯಿಂದಲೇ ಹೇಳಿದಳು, “ಯಾಕೆ ಬಂದ್ರಿ? ಬಾವಿ ಬೀದಿ ಪುಟ ನೋಡ್ಲಿಲ್ವಾ?”

“ನೋಡ್ದೆ. ಮೊದಲ ದಿನ ಚೀಟಿ ನೋಡಿ ಮುಖ ಊದಿಸ್ಕೊಂಡು ಮನೆಗೆ ಹೋದೆ. ಎರಡನೇ ದಿನ ಪುಸ್ತಕ ಎತ್ತಿಡೋಕೆ ಹೋದಾಗ ಒಳಗೆ ಮರದ ಪಟ್ಟಿ ಇತ್ತು. ಆ ಪುಟ ತೆಗೆದ ತಕ್ಷಣ ಗೊತ್ತಾಯ್ತು, ನೀವು ನನ್ನ ಬೇಡ ಅಂದಿಲ್ಲ, ಹೆದರಿ ಓಡಿದ್ದೀರಿ ಅಂತ.” ಅವನ ದನಿ ಮೆತ್ತಗಾಯಿತು. “ಹೊರಡಿ. ಮೂಲ ಪುಸ್ತಕ ಸಿಕ್ಕಿದೆ. ಅದನ್ನ ಕೋಣೆಯಿಂದ ಹೊರಗೆ ತರೋ ಹಾಗಿಲ್ಲ, ನಿಯಮ. ಇಲ್ದಿದ್ರೆ ತಲೆ ಮೇಲೆ ಹೊತ್ಕೊಂಡು ಬರ್ತಿದ್ದೆ!”

ದಾಖಲೆ ಕೋಣೆಯ ಮೇಜಿನ ಮೇಲೆ ಅವನು ಮೊದಲು ಹರಡಿದ್ದು ಬಾವಿ ಬೀದಿಯ ಹಳೆಯ ನಕ್ಷೆ.

“ನಿಮ್ಮ ರಸೀದಿ ಹದಿನೆಂಟು ಅನ್ನತ್ತೆ, ನಕಲು ಪುಸ್ತಕ ಹದಿನೇಳು ಅನ್ನತ್ತೆ. ಯಾಕೆ ಅಂತ ಯೋಚಿಸ್ತಾ ನಕ್ಷೆ ತೆಗೆದೆ. ಇಲ್ನೋಡಿ. ನಮ್ಮ ಮನೆ. ನಿಮ್ಮ ಮನೆ. ನಡುವೆ ಇದೇನು?”

ನಡುವೆ ಕೆಂಪು ಗೆರೆ ಎಳೆದ ಚಿಕ್ಕ ಜಾಗ. “ಇನ್ನೊಂದು ಮನೆ...” ಅವಳು ನಕ್ಷೆಯ ಮೇಲೆ ಬಾಗಿದಳು.

“ರಸ್ತೆ ಅಗಲ ಮಾಡೋಕೆ ಕೆಡವಿದ ಮನೆ. ಮನೆ ಹೋಯ್ತು, ನಕಲು ಬರೆಯೋನು ಆ ಸಾಲು ಬಿಟ್ಟ. ನಂಬರ್‌ಗಳನ್ನ ಒಂದೊಂದು ಹಿಂದಕ್ಕೆ ತಂದ. ಆದ್ರೆ ಎಂಥಾ ನಿಯತ್ತಿನ ಮನುಷ್ಯ ಅಂದ್ರೆ, ನಿಮ್ಮ ತಾತನ ಮುಂದಿದ್ದ ಗೀಟು ಎರಡನ್ನೂ ಬಿಡದೆ ಹಾಗೇ ಬರೆದ!”

ಅವನು ಮೂಲ ಪುಸ್ತಕ ತೆರೆದ. ಅಂಚೆಲ್ಲ ಗೆದ್ದಲು ತಿಂದಿತ್ತು. ಅಕ್ಷರ ಮಾತ್ರ ಗಟ್ಟಿಯಾಗಿತ್ತು.

ಹದಿನಾರು: ಗಡಿಯಾರದವರು.

ಹದಿನೇಳು: ಬೇರೆಯೇ ಹೆಸರು, ಕಸುಬು ಬಡಗಿ. ತಂದೆಯ ಹೆಸರೂ ಬೇರೆ.

ಹದಿನೆಂಟು: ಅವಳ ತಾತ. ಕಸುಬು ಬಡಗಿ. ತಂದೆ... ಎರಡು ಪುಟ್ಟ ಗೀಟು.

“ಈ ಗೀಟು ನಮ್ಮ ಮನೆಗೆ ಸೇರಿದ್ದಲ್ಲ,” ಎಂದ ಅವನು. “ಕೆಡವಿದ ಮನೆಯವರು ನಿಮ್ಮ ತಾತನ ಅಣ್ಣ. ಅವರ ಮುಂದಿರೋ ತಂದೆ ಹೆಸರೇ ನಿಮ್ಮ ಮುತ್ತಾತಂದು. ನಮ್ಮ ತಾತನ ತಮ್ಮನೂ ಇದರಲ್ಲೇ ಸಿಕ್ಕಿದ್ರು. ಇಪ್ಪತ್ತಾರನೇ ಮನೆ, ಗಡಿಯಾರ ರಿಪೇರಿ, ತಂದೆ ನಮ್ಮ ಮುತ್ತಾತನೇ, ‘ಊರು ಬಿಟ್ಟಿದ್ದಾರೆ’ ಅಂತ ಷರಾ ಬೇರೆ ಇದೆ.”

ಅವಳು ಸಾಲಿನ ಮೇಲೆ ಪಟ್ಟಿ ಇಟ್ಟು ಓದಿದಳು. ಮತ್ತೆ ಓದಿದಳು. ಮೂರನೇ ಸಲ ಓದುವಾಗ ಅಕ್ಷರ ಕಾಣಲಿಲ್ಲ, ಕಣ್ಣೀರು ಅಡ್ಡ ಬಂತು. ಎದೆಯ ಮೇಲೆ ಒಂಬತ್ತು ದಿನದಿಂದ ಕೂತಿದ್ದ ಭಾರ ಒಮ್ಮೆಗೇ ಇಳಿದುಹೋಯಿತು. ಅಬ್ಬಾ... ಎಂಥ ನಿರಾಳ! ಕುರ್ಚಿಗೆ ಒರಗಿ, ಅಳುತ್ತಲೇ ನಕ್ಕುಬಿಟ್ಟಳು.

“ಪುಸ್ತಕದ ಮೇಲೆ ಕಣ್ಣೀರು ಬೀಳಿಸ್ಬೇಡಿ,” ಎಂದು ಅವನು ಕರವಸ್ತ್ರ ಚಾಚಿದ. ಅವನ ಕಣ್ಣೂ ಒದ್ದೆಯಾಗಿತ್ತು. “ನಕಲು ನಂಬಬಾರದು ಅಂತ ಕೆಂಪು ಇಂಕಲ್ಲಿ ಬರ್ಕೊಂಡಿರೋರು ಯಾರು? ನಾನಾ?”

“ನೀವು ಇದ್ದ ಪುಟ ಅಲ್ವಾ... ಭಯ ಆಯ್ತು,” ಎಂದಳು ಅವಳು ಮೆಲ್ಲಗೆ.

ಜೊತೆಗೇ ಬಂದಿದ್ದ ಅತ್ತೆ ಭೂತಗನ್ನಡಿ ಹಿಡಿದು ಪುಸ್ತಕಕ್ಕೆ ಮುಖ ಹತ್ತಿರ ತಂದಳು. ತುಟಿ ಅಲುಗಿತು. ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ತನ್ನ ಅಜ್ಜನ ಹೆಸರು, ಜೀವಮಾನದಲ್ಲಿ ಮೊದಲ ಸಲ.

“ನನಗೊಬ್ಬ ದೊಡ್ಡಪ್ಪನೂ ಇದ್ದ ನೋಡು...” ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರನ್ನೂ ಒಮ್ಮೆ ನೋಡಿ ಎದ್ದಳು. “ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ನನಗೆ ಕಣ್ಣು ಕಾಣಲ್ಲ, ಇವತ್ತು ಕಿವೀನೂ ಅಷ್ಟಕ್ಕಷ್ಟೇ!”

ಬಾಗಿಲು ಮುಚ್ಚಿತು. ಕೋಣೆಯಲ್ಲಿ ಇಬ್ಬರೇ.

“ಅವತ್ತು ಸಂಜೆ ಏನೋ ಕೇಳ್ಬೇಕು ಅಂದಿದ್ರಿ,” ಅವಳೇ ನೆನಪಿಸಿದಳು.

“ಹೂಂ. ಆದ್ರೆ ಇವತ್ತು ತಲೆ ಬಾಚಿಲ್ಲ...”

“ಪರವಾಗಿಲ್ಲ. ಕೇಳಿ.”

ಅವನು ಅವಳ ನೋಟ್‌ಬುಕ್ ತೆರೆದ. ಅವಳ ವಂಶವೃಕ್ಷದ ಕೊನೆಯ ಸಾಲಿಗೆ ಬೆರಳಿಟ್ಟ. “ಇಲ್ಲಿ ನಿಮ್ಮ ಹೆಸರಿನ ಪಕ್ಕ ಜಾಗ ಖಾಲಿ ಇದೆ. ನನ್ನ ಹೆಸರು ಬರೀತೀರಾ?”

“ಬರೀತೀನಿ,” ಎಂದು ಅವಳು ಪೆನ್ನು ಎತ್ತಿಕೊಂಡಳು. “ಪೂರ್ತಿಯಾಗಿ ಬರೀತೀನಿ. ಗೀಟು ಗೀಟು ಅಂತೇನೂ ಹಾಕಲ್ಲ.”

“ಮತ್ತೆ ಆ ಅಣ್ಣ?”

“ಅದನ್ನ ಹೊಡೆದು ಹಾಕ್ತೀನಿ. ಕೆಂಪು ಇಂಕಲ್ಲಿ.”

ಅವನು ನಿಟ್ಟುಸಿರು ಬಿಟ್ಟ. ಇಷ್ಟು ದಿನ ಗೋದಾಮಿನಲ್ಲಿ ಒದ್ದಾಡಿದ ಸುಸ್ತೆಲ್ಲ ಆ ಉಸಿರಿನಲ್ಲಿ ಹೊರಟುಹೋಯಿತು. ಅವಳು ಹತ್ತಿರ ಬಂದಳು. ಅವನ ಕೆನ್ನೆಯ ಮೇಲೆ ಕಪ್ಪು ಧೂಳಿನ ಪಟ್ಟೆ ಹಾಗೇ ಇತ್ತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಮೆಲ್ಲಗೆ ಒರೆಸಿದಳು.

“ರೀ... ಎಂಜಲು!”

“ಏನೀಗ? ಏಣಿ ಹತ್ತಿ ಕೂಗ್ತೀಯಾ?”

ಆ ‘ನೀನು’ ಕೇಳಿ ಅವನ ಮುಖವೆಲ್ಲ ನಗೆಯಾಯಿತು.

“ಇಲ್ಲ,” ಎಂದು ಅವನು ಇನ್ನೊಂದು ಕೆನ್ನೆ ತಿರುಗಿಸಿದ. “ಈ ಕಡೆಗೂ ಸ್ವಲ್ಪ ಧೂಳಿದೆ, ನೋಡು.”