ಬೆಸುಗೆ ನೀರು

ಕೆಂಗೋಟೆ ನಗರಸಭೆಯ ಅಧ್ಯಕ್ಷ ಫಕೀರಗೌಡರು ಸುತ್ತಿಗೆ ಎತ್ತಿ ಮೇಜಿನ ಮೇಲಿದ್ದ ಸಿಮೆಂಟ್ ಹಲಗೆಗೆ ಒಂದು ಪೆಟ್ಟು ಕೊಟ್ಟರು. ಹಲಗೆ ಸೀಳಿತು. ಸೀಳಿನ ಮೇಲೆ ಹಾಲಿನ ಬಣ್ಣದ ನೀರನ್ನು ಚಿಮುಕಿಸಿದರು. ಕಾಲು ಗಂಟೆಯೊಳಗೆ ಎರಡೂ ಅಂಚುಗಳಿಂದ ಬಿಳಿಯ ಎಳೆಗಳು ಹೊರಟು ಒಂದಕ್ಕೊಂದು ಕೂಡಿಕೊಂಡವು. ಜನ ಚಪ್ಪಾಳೆ ತಟ್ಟಿದರು.

ಅದು ೨೦೫೮ರ ಬೇಸಿಗೆ. ಆ ನೀರನ್ನು ಕಂಡುಹಿಡಿದ ಶಾಲ್ಮಲಾ ಹಂಚಿನಮನಿ ವೇದಿಕೆಯ ಮೇಲಿದ್ದಳು. ಬೆಸುಗೆ ನೀರಿನಲ್ಲಿದ್ದದ್ದು ಅವಳು ಸಾಕಿ ಬೆಳೆಸಿದ ಬ್ಯಾಕ್ಟೀರಿಯಾ. ತೇವ ತಗುಲಿದೊಡನೆ ಅವು ಎಚ್ಚರಗೊಂಡು, ಜೊತೆಗೆ ಬೆರೆಸಿದ ಆಹಾರವನ್ನು ತಿಂದು, ನೀರಿನೊಳಗಿನ ಸುಣ್ಣದ ಅಂಶವನ್ನು ಕಲ್ಲಾಗಿಸುತ್ತಿದ್ದವು. ಆಹಾರ ತೀರಿದರೆ ಸಾಯುತ್ತಿದ್ದವು. ಆ ಆಹಾರ ಅವಳ ಪ್ರಯೋಗಾಲಯ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ; ಅದೇ ಕಡಿವಾಣ. ಎರಡು ವರ್ಷಗಳಲ್ಲಿ ಹನ್ನೆರಡು ನಗರಗಳ ಸೇತುವೆ, ಶಾಲೆ, ನೀರಿನ ಟಾಕಿಗಳಿಗೆ ಅದನ್ನು ಸಿಂಪಡಿಸಿದ್ದರು. ಅವುಗಳಲ್ಲೊಂದಾದ ಕೆಂಗೋಟೆಯಲ್ಲಿ ಅವತ್ತು ಅವಳಿಗೆ ಸನ್ಮಾನ. ಅದಕ್ಕೆ ಮುಂಚೆ ನಿವಾಸಿಗಳ ಅಹವಾಲಿಗೆಂದು ಅರ್ಧ ಗಂಟೆ ಇತ್ತು.

ಮೊದಲು ಎದ್ದವನು ಕುಂಬಾರ ಓಣಿಯ ಈರಬಸಪ್ಪ. "ಅಡಗಿಮನಿ ಕಿಟಕಿ ತೆರ್ಯಾಕ ಬರವಲ್ದು ರೀ. ನಳದ ನೀರೂ ದಾರದಂಗ ಸಣ್ಣಗ ಬರಾಕತ್ತದ."

"ಕಟಗಿ ಉಬ್ಬಿರ್ತದ, ಬಡಗ್ಯಾನ್ನ ಕರಸ್ರಿ," ಎಂದರು ಅಧ್ಯಕ್ಷರು. ಕೆಲವರು ನಕ್ಕರು.

ಅದೇ ಓಣಿಯಲ್ಲಿ ಬಟ್ಟೆ ಹೊಲಿಯುವ ಹುಸೇನಬಿ ಎದ್ದಳು. "ನಮ್ಮ ಬಚ್ಚಲದ ಬೆಳಕಿಂಡಿ ಮುಚ್ಚಿಕೊಂಡದ. ನಿನ್ನೆ ಒಲಿ ಹೊಗಿ ಹೊರಗ ಹೋಗ್ಲಾರದ ಸೊಸಿ ಎಚ್ಚರ ತಪ್ಪಿ ಬಿದ್ಲು. ಬಾಗಲಾ ಮುರದು ಎಳಕೊಂಡ್ವಿ."

ಶಾಲ್ಮಲಾ ಕುರ್ಚಿಯಿಂದ ಮುಂದೆ ಬಾಗಿದಳು. "ನಿಮ್ಮ ಮನೆಗೆ ಬೆಸುಗೆ ನೀರು ಹೊಡೆದಿದ್ದರಾ, ಅಮ್ಮಾ?"

"ಇಲ್ಲವಾ. ನಮ್ಮ ಓಣಿಗೆ ಅದು ಬಂದೇ ಇಲ್ಲ."

ಹಾಗಾದರೆ ಅದು ತಾನಾಗಿ ಹೋಗಿದೆ. ಏನನ್ನು ತಿನ್ನುತ್ತಿದೆ? ಅಡಿಗೆಮನೆ, ನಳ, ಬಚ್ಚಲು. ಮನುಷ್ಯರ ಮೈಕೈ ಸೋಕುವ ಜಾಗಗಳು. ಅವಳಿಗೆ ಉತ್ತರ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗ ಗಟಾರ ಬಳಿಯುವ ಪೌರಕಾರ್ಮಿಕ ಹೆಂಗಸು ದ್ಯಾಮವ್ವ ಗೋಡೆ ಹಿಡಿದುಕೊಂಡು ಮುಂದೆ ಬಂದಳು. "ಇದು ವಿಷಯಪಟ್ಟಿಯೊಳಗ ಬರೂದಿಲ್ಲ ಅಂತ ಎರಡು ಸಲ ನನ್ನ ಹೊಳ್ಳಿ ಕಳಿಸೀರಿ," ಎಂದು ಸೀರೆಯ ಅಂಚನ್ನು ತುಸು ಎತ್ತಿದಳು. "ನನ್ನ ಹಿಮ್ಮಡ ಒಡದು ಇಪ್ಪತ್ತು ವರ್ಷ ಆತು. ಈ ಬ್ಯಾಸಗ್ಯಾಗ ಬಿರುಕು ತಾವೇ ಕೂಡಿಕೊಂಡ್ವು. ಮದಲ ಖುಷಿ ಆತು. ಈಗ ಪಾದ ಮಡಚಾಕ ಬರವಲ್ದು."

ಶಾಲ್ಮಲಾ ಇಳಿದು ಬಂದು ಮೊಣಕಾಲೂರಿ ನೋಡಿದಳು. ಬಿರುಕುಗಳ ತುಂಬ ಬಿಳಿಯ ಗೆರೆಗಳು. ಪೆನ್ನಿನಿಂದ ಮೆಲ್ಲಗೆ ತಟ್ಟಿದಳು. ಪಿಂಗಾಣಿಯ ಸದ್ದು ಬಂತು.

"ನೋವಾಗ್ತದಾ, ದ್ಯಾಮಕ್ಕಾ?"

"ಇಲ್ರೀ ಬಾಯಾರ. ಅದಕ್ಕ ಹೆದರಿಕಿ."

ಫಕೀರಗೌಡರು ಇಳಿದು ಬಂದು ಬಗ್ಗಿ ಶಾಲ್ಮಲಾಳ ಕಿವಿಯಲ್ಲಿ ಅಂದರು: "ಮೇಡಂ, ಇಲ್ಲಿ ಏನೂ ಆಡಬ್ಯಾಡ್ರಿ. ಊರೇ ಬೀದಿಗೆ ಬರ್ತದ. ಆಮ್ಯಾಲೆ ಒಂದು ವರದಿ ಬರದು ಕೊಡ್ರಿ, ಸಾಕು."

ಒಂದು ಕ್ಷಣ ಅವಳಿಗೂ ಅದೇ ಸರಿ ಎನ್ನಿಸಿತು. ಹದಿನೆಂಟು ವರ್ಷಗಳ ದುಡಿಮೆ. ಆದರೆ ಆ ಪಾದ ಇನ್ನೂ ಅವಳ ಕೈಯಲ್ಲೇ ಇತ್ತು, ತಣ್ಣಗೆ, ಭಾರವಾಗಿ. ಅವಳು ಎದ್ದು ಮೈಕು ತೆಗೆದುಕೊಂಡಳು.

"ಇದು ನನ್ನ ನೀರಿನ ಕೆಲಸ. ಮನುಷ್ಯರ ಬೆವರು ತಿಂದು ಬದುಕೋದನ್ನ ಅದು ಕಲಿತಿದೆ. ಹೇಗೆ ನಿಲ್ಲಿಸಬೇಕು ಅಂತ ನನಗಿನ್ನೂ ಗೊತ್ತಿಲ್ಲ."

ತಾಯಂದಿರು ಮಕ್ಕಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದರು.

"ನಾ ಬೆಳಕಿಂಡಿಗೆ ಹುಣಸಿಹುಳಿ ಹಚ್ಚಿ ತಿಕ್ಕಿದೆ," ಎಂದಳು ಹುಸೇನಬಿ ಮೆಲ್ಲಗೆ. "ಚೂರು ಬಿಟ್ಟಿತ್ರೀ."

ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆಂಬುದು ಶಾಲೆಯ ಪಾಠ. ಗಾಬರಿಯಲ್ಲಿ ಶಾಲ್ಮಲಾಳಿಗೆ ಅದೂ ನೆನಪಾಗಿರಲಿಲ್ಲ. ಹತ್ತಿರದ ಖಾನಾವಳಿಯಿಂದ ಹುಣಸೆಹಣ್ಣು, ಬೋಗುಣಿ, ನೀರು ತರಿಸಿ ದ್ಯಾಮವ್ವನ ಪಾದವನ್ನು ನೆನೆಸಿದಳು. ಬಿಳಿಯ ಗೆರೆಗಳಿಂದ ಗುಳ್ಳೆಗಳೆದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಬಿರುಕು ಬಾಯಿಬಿಟ್ಟು ರಕ್ತ ಜಿನುಗಿತು. ನೋವಿಗೆ ಹಲ್ಲು ಕಚ್ಚಿದ ದ್ಯಾಮವ್ವ, ಸಮಾಧಾನದಿಂದ ಅತ್ತುಬಿಟ್ಟಳು.

ಎರಡು ವಾರ ಇಡೀ ಊರು ಕಿಟಕಿ, ನಳ, ಗಟಾರ ಬಿಡದೆ ಹುಳಿ ಹಾಕಿ ತಿಕ್ಕಿತು. ಮೊದಲ ಮಳೆಗೆ ನೀರು ಸರಾಗ ಹರಿದು ಹೋಯಿತು. ಬ್ಯಾಕ್ಟೀರಿಯಾ ಮಾತ್ರ ಸಾಯಲಿಲ್ಲ, ಹಿಂದೆ ಸರಿಯಿತು ಅಷ್ಟೇ. ಈಗಲೂ ಕೆಂಗೋಟೆಯಲ್ಲಿ ಶನಿವಾರ ಬಂತೆಂದರೆ ತಿಕ್ಕುವ ಸದ್ದು ಕೇಳುತ್ತದೆ.

ಶಾಲ್ಮಲಾ ಸಭೆಯ ಮರುದಿನವೇ ಉಳಿದ ಹನ್ನೊಂದು ನಗರಗಳಿಗೆ ಪತ್ರ ಬರೆದಿದ್ದಳು. ಮಳೆ ಹಿಡಿದ ವಾರ ಉತ್ತರಗಳು ಬಂದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ನಮ್ಮ ನಗರದಲ್ಲಿ ಇಂಥ ಯಾವುದೇ ದೂರು ಬಂದಿಲ್ಲ. ಅವಳು ನಿರಾಳವಾಗಿ ಉಸಿರು ಬಿಟ್ಟು ಕಾಗದಗಳನ್ನು ಮಡಿಸತೊಡಗಿದಳು. ಕೊನೆಯ ಪತ್ರದ ಅಡಿಯಲ್ಲಿ ಯಾರೋ ಗುಮಾಸ್ತರು ಕೈಯಿಂದ ಒಂದು ಸಾಲು ಸೇರಿಸಿದ್ದರು.

"ನಿವಾಸಿಗಳ ಸಭೆ ಕರೆಯುವುದನ್ನು ಇಲ್ಲಿ ನಿಲ್ಲಿಸಿ ಆರು ವರ್ಷಗಳಾದವು."